ಮೇಳದ ದುಡಿಮೆ, ಮೇಳದ ಮುಂದಾಳು



ಕೆಲಸದ ಜಾಗ ಹೇಗಿರಬೇಕು, ಮೇಲಿನವರು ಕೈಕೆಳಗಿನವರನ್ನು ಹೇಗೆ ನಡೆಸಿಕೊಳ್ಳಬೇಕು, ನೌಕರರ ಆರೋಗ್ಯ ಮತ್ತು ನೆಮ್ಮದಿಯ ಹೊಣೆ ಯಾರದು ಎಂಬ ಮಾತು ಈಗ ಎಲ್ಲ ಕಡೆ ನಡೆಯುತ್ತಿದೆ. ನಾನು ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ಈ ವಿಷಯದ ತರಬೇತಿಗಳಲ್ಲಿ ಸಾಕಷ್ಟು ಕುಳಿತಿದ್ದೇನೆ. ಅಲ್ಲಿ ಹೇಳುವ ಕತೆಗಳೆಲ್ಲ ಅಮೆರಿಕದ ಕಂಪನಿಯವು, ಜಪಾನಿನ ಕಾರು ಕಾರ್ಖಾನೆಯವು. ಕೇಳುವಾಗಲೆಲ್ಲ ನನ್ನ ಮನಸ್ಸು ಊರಿನ ಕಡೆಗೇ ಓಡುತ್ತಿತ್ತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಈ ಕರಾವಳಿಯಲ್ಲಿ ನೂರಾರು ಜನರಿಗೆ ಅನ್ನ ಕೊಡುವ, ತಲೆಮಾರುಗಳಿಂದ ನಡೆದುಬಂದ ಒಂದು ಕೆಲಸದ ಜಾಗವಿದೆ. ಅದು ಯಕ್ಷಗಾನ ಮೇಳ. ಕಲೆ ಎಂದು ಅದರ ಬಗ್ಗೆ ಬಹಳ ಮಾತಾಡಿದ್ದೇವೆ. ದುಡಿಮೆ ಎಂದು ಮಾತಾಡಿದ್ದು ಕಡಿಮೆ. ಇವತ್ತು ಆ ಮಾತು ಆಡೋಣ.

ಮಂದಾರ್ತಿ ದುರ್ಗಾಪರಮೇಶ್ವರಿಯ ಹೆಸರಿನಲ್ಲೇ ಐದು ಮೇಳಗಳು ಹೊರಡುತ್ತವೆ. ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಹಾಲಾಡಿ, ಕೋಟದ ಅಮೃತೇಶ್ವರಿ ಹೀಗೆ ದೇವಸ್ಥಾನಗಳ ಮೇಳಗಳು ಇನ್ನೂ ಇವೆ. ಸಾಲಿಗ್ರಾಮ, ಪೆರ್ಡೂರಿನಂಥವು ಟಿಕೆಟ್ಟಿನ ಡೇರೆ ಮೇಳಗಳೆಂದೇ ಹೆಸರಾದವು. ದೀಪಾವಳಿ ಕಳೆದ ಮೇಲೆ ಗೆಜ್ಜೆ ಕಟ್ಟಿದರೆ ಮೇ ತಿಂಗಳ ಕೊನೆಗೆ ಗೆಜ್ಜೆ ಬಿಚ್ಚುವವರೆಗೆ, ಹೆಚ್ಚುಕಡಿಮೆ ಆರು ತಿಂಗಳು, ದಿನಕ್ಕೊಂದು ಊರು, ದಿನಕ್ಕೊಂದು ಆಟ. ವೇಷಧಾರಿಗಳು, ಹಿಮ್ಮೇಳದವರು, ಪೆಟ್ಟಿಗೆ ಹೊರುವವರು, ರಂಗಸ್ಥಳ ಕಟ್ಟುವವರು, ಅಡುಗೆಯವರು, ಮ್ಯಾನೇಜರು ಎಲ್ಲ ಸೇರಿ ಮೂವತ್ತು ನಲವತ್ತು ಜನ. ಮೇಲೆ ಯಜಮಾನರು. ಇದನ್ನು ಸಂಸ್ಥೆ ಅನ್ನದೆ ಇನ್ನೇನು ಅನ್ನಬೇಕು?

ಈ ಸಂಸ್ಥೆಯ ಮುಂದಾಳು ಯಾರು ಎಂದು ನೋಡಿದರೆ ನಮಗೆ ಮೊದಲ ಪಾಠ ಸಿಗುತ್ತದೆ. ದುಡ್ಡಿನ ಲೆಕ್ಕ ಯಜಮಾನರದ್ದು. ಆದರೆ ರಾತ್ರಿ ಮೇಳವನ್ನು ನಡೆಸುವವರು ಭಾಗವತರು. ಯಾರಿಗೆ ಯಾವ ವೇಷ ಎಂದು ಹಂಚುವುದು ಅವರು. ರಂಗಸ್ಥಳಕ್ಕೆ ಬಂದ ಮೇಲೆ ಪದ್ಯ ಎತ್ತುವುದು ಅವರು, ನಿಲ್ಲಿಸುವುದು ಅವರು. ಇಷ್ಟು ಅಧಿಕಾರ ಇರುವ ಮನುಷ್ಯ ಕುಳಿತುಕೊಳ್ಳುವುದು ಎಲ್ಲಿ? ರಂಗಸ್ಥಳದ ಹಿಂಬದಿಯಲ್ಲಿ, ಮದ್ದಳೆಯವರ ಪಕ್ಕದಲ್ಲಿ, ಕುಣಿಯುವವನಿಗೆ ನಾಲ್ಕು ಹೆಜ್ಜೆ ದೂರದಲ್ಲಿ, ಸಾವಿರ ಜನರ ಕಣ್ಣೆದುರು. ಕುಣಿಯುವವನ ಬೆವರು ಅವರಿಗೆ ಕಾಣುತ್ತದೆ, ಏದುಸಿರು ಕೇಳುತ್ತದೆ. ಕುಣಿತ ಕೆಟ್ಟರೆ ಅವರ ಮರ್ಯಾದೆಯೂ ಅಲ್ಲೇ ಹೋಗುತ್ತದೆ.

ಹೀಗೆ ಹತ್ತಿರ ಕುಳಿತದ್ದರಿಂದ ಏನಾಗುತ್ತದೆ ಎಂಬುದನ್ನು ನಮ್ಮೂರಿನ ಬಯಲಾಟವೊಂದರಲ್ಲಿ ಕಣ್ಣಾರೆ ನೋಡಿದ್ದೇನೆ. ನಡುರಾತ್ರಿ ದಾಟಿತ್ತು. ಪುರುಷವೇಷದ ಕಲಾವಿದರಿಗೆ ಅಂದು ಮೈಯಲ್ಲಿ ಜ್ವರ. ಪ್ರೇಕ್ಷಕರಿಗೆ ಅದು ಗೊತ್ತಿಲ್ಲ. ಯುದ್ಧದ ಪದ್ಯ ಬಂತು, ಮಂಡಿ ಹಾಕಿ ಸುತ್ತಬೇಕಾದ ಜಾಗ ಬಂತು. ಭಾಗವತರು ಒಂದು ಸಲ ಅವರ ಮುಖ ನೋಡಿದರು, ಚೆಂಡೆಯವರ ಕಡೆ ತಿರುಗಿ ಕಣ್ಣಲ್ಲೇ ಏನೋ ಹೇಳಿದರು. ಕುಣಿತದ ಬಿಡ್ತಿಗೆ ಮೊಟಕಾಯಿತು, ಪದ್ಯದ ಎರಡು ಚರಣ ಹಾರಿಹೋಯಿತು, ಎದುರು ವೇಷದವರು ಆ ಸುಳಿವು ಹಿಡಿದು ಮಾತಿಗೆ ನಿಂತರು. ಅರ್ಥಗಾರಿಕೆ ಬಾಯಿಪಾಠದ್ದಲ್ಲವಲ್ಲ, ಅದನ್ನು ಬೇಕಾದಷ್ಟು ಬೆಳೆಸಬಹುದು. ಐದು ನಿಮಿಷ ಮಾತು ಬೆಳೆಯಿತು. ಜ್ವರದ ಮನುಷ್ಯ ಅಷ್ಟು ಹೊತ್ತು ಗದೆ ಊರಿಕೊಂಡು ನಿಂತು ಉಸಿರು ತಿರುಗಿಸಿಕೊಂಡರು. ಆಟ ಎಲ್ಲೂ ಕೆಡಲಿಲ್ಲ. ಯಾರೂ ರಜೆಯ ಅರ್ಜಿ ಬರೆಯಲಿಲ್ಲ, ಯಾರೂ ಮಂಜೂರು ಮಾಡಲಿಲ್ಲ. ನೋಡಬೇಕಾದವರು ನೋಡಿದರು, ಭಾರವನ್ನು ಒಬ್ಬರ ಹೆಗಲಿನಿಂದ ಮೂವರ ಹೆಗಲಿಗೆ ಹಂಚಿದರು.

ಇದನ್ನು ನಾನು ನಾಯಕತ್ವ ಎನ್ನುತ್ತೇನೆ. ಸಮುದ್ರದ ಕಡೆಗೆ ಹೋದರೂ ಇದೇ ಕಾಣುತ್ತದೆ. ಗಂಗೊಳ್ಳಿಯಲ್ಲಾಗಲಿ, ಉಪ್ಪುಂದದಲ್ಲಾಗಲಿ ದೋಣಿ ನಡೆಸುವ ತಾಂಡೇಲ ಬಲೆ ಎಳೆಯುವವರ ಜೊತೆಗೇ ದೋಣಿಯಲ್ಲಿರುತ್ತಾನೆ. ಅಲೆ ಎದ್ದರೆ ಅವನಿಗೂ ಅದೇ ಅಲೆ. ನಮ್ಮ ಇವತ್ತಿನ ಕಚೇರಿಗಳಲ್ಲಿ ಈ ಹತ್ತಿರವೇ ತಪ್ಪಿಹೋಗಿದೆ. ಗುರಿ ಹಾಕುವವರು ಬೇರೆ ಊರಲ್ಲಿ, ಗುರಿ ಮುಟ್ಟಬೇಕಾದವರು ಬೇರೆ ಊರಲ್ಲಿ. ನಾನು ಕೆಲಸ ಮಾಡಿದ ಶಾಖೆಯೊಂದಕ್ಕೆ ಮೇಲಿನಿಂದ ದಿನಕ್ಕೆ ಮೂರು ಹೊತ್ತು ಫೋನು ಬರುತ್ತಿತ್ತು, ಎಷ್ಟು ಪಾಲಿಸಿ ಮಾಡಿಸಿದಿರಿ, ಎಷ್ಟು ಖಾತೆ ತೆರೆದಿರಿ ಎಂದು. ಕೌಂಟರಿನಲ್ಲಿ ಕುಳಿತ ಹೆಣ್ಣುಮಗಳು ತಾಯಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದಾಳೆ ಎಂಬುದು ಆ ಫೋನಿಗೆ ಕಾಣುವುದಿಲ್ಲ. ಕಾಣಬೇಕಾದವರು ಕಾಣುವಷ್ಟು ಹತ್ತಿರ ಇರಲಿಲ್ಲ. ಆಕೆಯ ಕಣ್ಣೀರು ನನಗೆ ಈಗಲೂ ಸಂಕಟ ಕೊಡುತ್ತದೆ.

ಮೇಳದ ಇನ್ನೊಂದು ಗುಣ, ಕೆಲಸ ಕಲಿಸುವ ಕ್ರಮ. ಇದರ ಬಗ್ಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಇಷ್ಟು ಚೆಂದದ ವ್ಯವಸ್ಥೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ರಾತ್ರಿಯ ಆಟಕ್ಕೆ ಒಂದು ಅನುಕ್ರಮ ಇದೆಯಷ್ಟೆ. ಮೊದಲು ಕೋಡಂಗಿಗಳು, ಆಮೇಲೆ ಬಾಲಗೋಪಾಲರು, ಆಮೇಲೆ ಪೀಠಿಕೆ ಸ್ತ್ರೀವೇಷ, ಆಮೇಲೆ ಒಡ್ಡೋಲಗ, ಪ್ರಸಂಗ. ಹೊಸದಾಗಿ ಮೇಳ ಸೇರಿದ ಹುಡುಗ ಕೋಡಂಗಿಯಾಗಿ ಶುರು ಮಾಡುತ್ತಾನೆ. ಜನ ಇನ್ನೂ ಚಾಪೆ ಹಾಸಿಕೊಳ್ಳುತ್ತಿರುವ ಹೊತ್ತು ಅದು. ತಪ್ಪಿದರೂ ದೊಡ್ಡ ಅನಾಹುತ ಇಲ್ಲ. ಒಂದೆರಡು ತಿರುಗಾಟ ಕಳೆದರೆ ಬಾಲಗೋಪಾಲ, ಮತ್ತೆ ಪೀಠಿಕೆ ಸ್ತ್ರೀವೇಷ, ಮತ್ತೆ ಪ್ರಸಂಗದಲ್ಲಿ ಸಣ್ಣ ಪಾತ್ರ. ಹೀಗೆ ವರ್ಷ ಕಳೆದಂತೆ ಅವನ ವೇಷ ರಾತ್ರಿಯೊಳಗೆ ಮುಂದೆ ಮುಂದೆ ಸಾಗಿ, ನಡುರಾತ್ರಿ ದಾಟಿ ಬರುವ ದೊಡ್ಡ ವೇಷಕ್ಕೆ ಮುಟ್ಟುತ್ತದೆ. ಹಾಡುವವರಿಗೂ ಇದೇ ಕ್ರಮ. ಆಟದ ಮೊದಲ ಭಾಗವಾದ ಪೂರ್ವರಂಗಕ್ಕೆ ಸಂಗೀತಗಾರರೆಂಬ ಕಿರಿಯರು ಹಾಡಿ, ಆಟ ಏರಿದ ಮೇಲೆ ಪ್ರಧಾನ ಭಾಗವತರು ಬಂದು ತಾಳ ಹಿಡಿಯುತ್ತಾರೆ. ಒಂದೇ ರಾತ್ರಿಯೊಳಗೆ ಒಬ್ಬನ ಇಡೀ ವೃತ್ತಿಯ ದಾರಿ ಕಾಣುವ ಹಾಗೆ ಹಾಸಿದೆ. ಕೋಡಂಗಿ ಹುಡುಗ ಕುಣಿದು ಬಣ್ಣ ತೆಗೆದು ಮಲಗಿದ್ದರೂ ಅಡ್ಡಿಯಿಲ್ಲ. ಕಲಿಯಬೇಕೆಂದಿದ್ದವನು ಪರದೆಯ ಬದಿಯಲ್ಲಿ ನಿಂತು ಎರಡನೇ ವೇಷದವರ ನಡೆ ನೋಡುತ್ತಾನೆ.

ವೇಷ ಕಟ್ಟುವ ಚೌಕಿಯಲ್ಲಿಯೂ ಇದೇ ಕಲಿಕೆ. ಗಣಪತಿ ಇಟ್ಟ ಜಾಗದಿಂದ ಹಿಡಿದು ಯಾರ ಪೆಟ್ಟಿಗೆ ಎಲ್ಲಿ, ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ಕಟ್ಟಳೆ ಇದೆ. ಕಿರಿಯ ಹಿರಿಯರ ಎದುರು ಕುಳಿತು ಬಣ್ಣ ಹಾಕಲು ಕಲಿಯುತ್ತಾನೆ. ಮೊದಲ ಸಲ ದೊಡ್ಡ ಪಾತ್ರ ಸಿಕ್ಕಿ ಕೈ ನಡುಗುತ್ತಿದ್ದ ಹುಡುಗನಿಗೆ ಮುಂಡಾಸು ಬಿಗಿಯುತ್ತ ಹಿರಿಯರೊಬ್ಬರು ಹೇಳಿದ ಮಾತು ನನ್ನ ಕಿವಿಯಲ್ಲಿದೆ: “ಹೆದ್ರ್‌ಬೇಡ ಮಾಣಿ, ಎದ್ರಿಗ್ ನಾನ್ ಇದ್ದೆ ಅಲ್ದಾ.” ಹಾರ್ವರ್ಡಿನ ಏಮಿ ಎಡ್ಮಂಡ್‌ಸನ್ ಎಂಬ ವಿದ್ವಾಂಸೆ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಧ್ಯಯನ ಮಾಡಿದರು. ಒಳ್ಳೆಯ ತಂಡಗಳಲ್ಲಿ ತಪ್ಪುಗಳು ಹೆಚ್ಚು ದಾಖಲಾಗಿದ್ದದ್ದು ಅವರಿಗೆ ಕಂಡಿತು. ಹುಡುಕಿದಾಗ ತಿಳಿದದ್ದು, ಆ ತಂಡಗಳಲ್ಲಿ ತಪ್ಪಾಯಿತೆಂದು ಹೇಳಲು ಯಾರಿಗೂ ಹೆದರಿಕೆ ಇರಲಿಲ್ಲ ಎಂಬುದು. ಹೆದರಿಕೆಯಿಲ್ಲದ ಕೆಲಸದ ಜಾಗದ ಬಗ್ಗೆ ಅವರು 1999ರಲ್ಲಿ ಬರೆದ ಪ್ರಬಂಧವನ್ನು ಇವತ್ತು ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳು ಓದುತ್ತವೆ. ಆ ಹಿರಿಯರು ಮುಂಡಾಸು ಕಟ್ಟುತ್ತ ಆಡಿದ್ದು ಅದೇ ಮಾತು.

ಹಾಗೆಂದು ಮೇಳವನ್ನು ಬರೀ ಹೊಗಳಿ ಕೂತರೆ ಅಲ್ಲಿ ದುಡಿಯುವವರಿಗೆ ದ್ರೋಹ ಮಾಡಿದ ಹಾಗಾಗುತ್ತದೆ. ಎಲ್ಲ ಹಿರಿಯರೂ ಹಾಗಿರಲಿಲ್ಲ. ನಾಲ್ಕು ಜನರ ಎದುರು ಹೀನಾಯವಾಗಿ ಬೈಸಿಕೊಂಡು ಮೇಳವನ್ನೇ ಬಿಟ್ಟು ಬೆಂಗಳೂರಿನ ಹೋಟೆಲು ಸೇರಿದ ಹುಡುಗರ ಕತೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಅದಕ್ಕಿಂತ ದೊಡ್ಡ ಮಾತೆಂದರೆ ಮೈಯದ್ದು. ಮೇಳದ ನಾಯಕತ್ವ ರಂಗಸ್ಥಳದಲ್ಲಿ ಎಷ್ಟು ಸೂಕ್ಷ್ಮವೋ, ರಂಗಸ್ಥಳದಿಂದ ಇಳಿದ ಮೇಲೆ ಅಷ್ಟೇ ಕೈಕಟ್ಟಿ ಕೂತಿತ್ತು. ಬಿಗಿದು ಕಟ್ಟಿದ ಮುಂಡಾಸಿನಿಂದ ಹಣೆ ಸಿಡಿಯುತ್ತದೆ. ಮಂಡಿ ಹಾಕಿ ಹಾಕಿ ಮೊಣಕಾಲು ಸವೆಯುತ್ತದೆ. ಮೈಕು ಇಲ್ಲದ ಕಾಲದಲ್ಲಿ ಏರುಶ್ರುತಿಯಲ್ಲಿ ಹಾಡಿದ ಭಾಗವತರ ಗಂಟಲು ಏನಾಗಿರಬೇಡ! ಆರು ತಿಂಗಳು ರಾತ್ರಿಯೆಲ್ಲ ಎಚ್ಚರ, ಹಗಲು ಯಾವುದೋ ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಪೌಳಿಯಲ್ಲೋ ನೊಣ ಓಡಿಸುತ್ತ ಅರೆನಿದ್ದೆ.

ರಾತ್ರಿ ದುಡಿಮೆ ಮೈಗೆ ಏನು ಮಾಡುತ್ತದೆ ಎಂಬುದು ಈಗ ಗುಟ್ಟಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ರಾತ್ರಿಪಾಳಿಯನ್ನು 2007ರಲ್ಲೇ ಕ್ಯಾನ್ಸರಿಗೆ ಬಹುಶಃ ಕಾರಣವಾಗುವವುಗಳ ಪಟ್ಟಿಗೆ ಸೇರಿಸಿತು. 2019ರಲ್ಲಿ ಮತ್ತೆ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು. ಅದೇ 2019ರಲ್ಲಿ, ಕೆಲಸದ ಒತ್ತಡದಿಂದ ಮನುಷ್ಯ ಒಳಗೇ ಬತ್ತಿಹೋಗುವುದನ್ನು ದುಡಿಮೆಗೆ ಸಂಬಂಧಿಸಿದ ವಿದ್ಯಮಾನ ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದಲ್ಲಿ ಬರೆದುಕೊಂಡಿತು. ಇದು ಬೆಂಗಳೂರಿನ ಕಾಲ್ ಸೆಂಟರಿನ ಹುಡುಗರಿಗೆ ಎಷ್ಟು ಅನ್ವಯವೋ ನಮ್ಮ ಚೌಕಿಯಲ್ಲಿ ಕೂತವರಿಗೂ ಅಷ್ಟೇ. 2009ರಲ್ಲಿ ಕೆರೆಮನೆ ಶಂಭು ಹೆಗಡೆಯವರು ಇಡಗುಂಜಿಯಲ್ಲಿ ವೇಷ ಮಾಡುತ್ತಿದ್ದ ರಾತ್ರಿಯೇ ಕುಸಿದು ತೀರಿಕೊಂಡರು. 2018ರಲ್ಲಿ ಬೈಂದೂರಿನ ಕಡೆಯ ಆಟವೊಂದರಲ್ಲಿ ಹಿರಿಯ ಕಲಾವಿದರೊಬ್ಬರು ರಂಗಸ್ಥಳದಲ್ಲೇ ಬಿದ್ದು ಪ್ರಾಣ ಬಿಟ್ಟರು. ಗೆಜ್ಜೆ ಕಟ್ಟಿಕೊಂಡೇ ಹೋದರು, ಪುಣ್ಯವಂತರು ಎಂದು ನಾವು ಹೇಳಿದೆವು. ಆ ಮಾತಿನ ಹಿಂದಿನ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಅವರ ಮನೆಯವರ ಕಡೆಯಿಂದ ನಿಂತು ನೋಡಿದರೆ ಆ ಮಾತು ಸಾಲದು.

ರಸ್ತೆಯ ವಿಷಯವೂ ಇದೆ. ಹಿಂದೆ ಪೆಟ್ಟಿಗೆ ತಲೆಯ ಮೇಲೆ ಹೊತ್ತು ನಡೆದುಹೋಗುತ್ತಿದ್ದರು. ಈಗ ಮೇಳಕ್ಕೆ ಬಸ್ಸಿದೆ. ಆದರೆ ಹತ್ತಿರದ ಊರಿನ ಕಲಾವಿದರು ಆಟ ಮುಗಿಸಿ ಬೆಳಗಿನ ಜಾವ ಬೈಕ್ ಹತ್ತಿ ಮನೆಗೆ ಹೋಗುತ್ತಾರೆ, ಹೆಂಡತಿ ಮಕ್ಕಳ ಮುಖ ನೋಡುವ ಆಸೆಯಿಂದ. ಇಡೀ ರಾತ್ರಿ ನಿದ್ದೆಗೆಟ್ಟ ಕಣ್ಣು, ಎದುರಿಗೆ ಹೆದ್ದಾರಿಯ ಲಾರಿಗಳು. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತೆರಡರ ಆಸುಪಾಸು. ಸಾಲಿಗ್ರಾಮ ಮೇಳದ ಡೇರೆ ತುಂಬಿಸುತ್ತಿದ್ದ ಕಂಠ ಅದು. ಈ ಕರಾವಳಿ ಅವರನ್ನು ಇನ್ನೂ ಮರೆತಿಲ್ಲ. ಅವರ ನಂತರವೂ ರಸ್ತೆ ನಮ್ಮ ಕಲಾವಿದರನ್ನು ಕಸಿದುಕೊಳ್ಳುತ್ತಲೇ ಇದೆ.

ಭಾಗವತರ ಪ್ರೀತಿ, ಯಜಮಾನರ ಔದಾರ್ಯ ಇದ್ದರೂ ಇದಕ್ಕೆಲ್ಲ ಉತ್ತರ ಸಿಗಲಿಲ್ಲ. ಮಳೆಗಾಲಕ್ಕೆ ಮುಂಗಡ ಕೊಟ್ಟು ಮನೆ ನಡೆಸಿಕೊಟ್ಟ ಒಳ್ಳೆಯ ಯಜಮಾನರು ಇದ್ದರು, ನಿಜ. ಆದರೆ ಆ ಮುಂಗಡವೇ ಮುಂದಿನ ತಿರುಗಾಟಕ್ಕೆ ಕಲಾವಿದನನ್ನು ಕಟ್ಟಿಹಾಕುತ್ತಿತ್ತು. ಮಾತಿನ ಮೇಲೆ ಸೇರಿಕೊಂಡ ಕೆಲಸಕ್ಕೆ ಕಾಲು ಮುರಿದ ದಿನ ಕಾಗದ ಎಲ್ಲಿಂದ ತರುವುದು? ಉತ್ತರ ಬಂದದ್ದು ಮೇಳದ ಹೊರಗಿನಿಂದ. ಉಡುಪಿಯ ಯಕ್ಷಗಾನ ಕಲಾರಂಗ 1975ರಲ್ಲಿ ಹುಟ್ಟಿದ್ದು ಕಲಾಸಕ್ತರ ಸಂಘಟನೆಯಾಗಿ. ಕಲೆಯ ಮೇಲಿನ ಪ್ರೀತಿಯನ್ನು ಕಲಾವಿದನ ಮನೆಯ ಒಲೆಯವರೆಗೆ ಒಯ್ದದ್ದು ಅದರ ದೊಡ್ಡತನ. ಯಕ್ಷನಿಧಿ ಎಂಬ ಹೆಸರಿನಲ್ಲಿ ವೃತ್ತಿ ಕಲಾವಿದರಿಗೆ ವಿಮೆ, ಕಾಯಿಲೆ ಬಿದ್ದರೆ ನೆರವು, ಮನೆಯಿಲ್ಲದವರಿಗೆ ದಾನಿಗಳ ಸಹಾಯದಿಂದ ಮನೆ. ಓದುವ ಬಡ ಮಕ್ಕಳಿಗೆ ವಿದ್ಯಾಪೋಷಕ್. ತೆಂಕುತಿಟ್ಟು ಬಡಗುತಿಟ್ಟು ಎಂಬ ಭೇದವಿಲ್ಲ, ಈ ಮೇಳ ಆ ಮೇಳ ಎಂಬ ಭೇದವಿಲ್ಲ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ತಿರುಗಾಟ ಅರ್ಧಕ್ಕೇ ನಿಂತಾಗ, ಇಂಥದ್ದೊಂದು ಸಂಘಟನೆ ಏಕೆ ಬೇಕು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಗೇರುಬೀಜದ ಕಾರ್ಖಾನೆಯವರು, ಹೋಟೆಲಿನವರು, ಸಣ್ಣ ಕಚೇರಿ ನಡೆಸುವವರು ಇದನ್ನು ಗಮನಿಸಬೇಕು. ಯಜಮಾನ ಒಳ್ಳೆಯವನಾಗಿದ್ದರೆ ಸಾಕು ಎಂಬುದು ಕೆಲಸಗಾರನಿಗೆ ಭದ್ರತೆಯಲ್ಲ. ಯಜಮಾನ ಬದಲಾದರೂ ಉಳಿಯುವ ಕಟ್ಟಳೆ ಬೇಕು, ಅದು ಕಾಗದದ ಮೇಲೆ ಇರಬೇಕು.

ಈಗ ಕಾಲಮಿತಿ ಆಟಗಳೂ ಬಂದಿವೆ. ಸಂಜೆ ಶುರುವಾಗಿ ನಡುರಾತ್ರಿಯ ಹೊತ್ತಿಗೆ ಮಂಗಳ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇರುವುದೂ ಒಂದು ಕಾರಣ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರೂ ಒಂದು ಕಾರಣ. ಬೆಳಗಿನವರೆಗಿನ ಆಟದ ಸೊಗಸು ಹೋಯಿತೆಂದು ಹಲವರು ಬೇಸರಪಡುತ್ತಾರೆ. ಆ ಸೊಗಸು ನನಗೂ ಗೊತ್ತು. ಆದರೆ ಕಲಾವಿದನಿಗೆ ಅರ್ಧ ರಾತ್ರಿಯ ನಿದ್ದೆ ಸಿಗುತ್ತದೆ ಎಂದಾದರೆ ನನ್ನ ಮತ ಕಾಲಮಿತಿಗೆ. ಒಂದೇ ಒಂದು ಕೊರಗು ಉಳಿಯುತ್ತದೆ. ಹೊತ್ತು ಉಳಿಸಲು ಮೊದಲು ಕತ್ತರಿಸುವುದು ಪೂರ್ವರಂಗವನ್ನು. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ ಹೋದರೆ ಹೊಸ ಹುಡುಗ ತಪ್ಪುತ್ತ ಕಲಿಯುವ ಜಾಗವೇ ಹೋಯಿತು. ಮೊದಲ ದಿನವೇ ಅವನು ತುಂಬಿದ ಸಭೆಯ ಎದುರು ಸೈ ಅನ್ನಿಸಿಕೊಳ್ಳಬೇಕು. ಐರೋಡಿ ಹಂಗಾರಕಟ್ಟೆಯ ಕಲಾಕೇಂದ್ರದಂಥ ಕಡೆ ಹೆಜ್ಜೆ, ತಾಳ ಕಲಿಸುತ್ತಾರೆ, ಅದು ದೊಡ್ಡ ಕೆಲಸ. ಆದರೂ ಸಭೆಯ ಎದುರಿನ ಕಲಿಕೆ ಬೇರೆ. ಕಾಲಮಿತಿಯ ಒಳಗೇ ಅರ್ಧ ಗಂಟೆಯನ್ನು ಹುಡುಗರಿಗೆ ಎಂದು ಮೇಳದವರು ಕಾದಿಡಬೇಕು. ಕಚೇರಿಗಳಲ್ಲೂ ಇದೇ ಆಗುತ್ತಿದೆ. ಹೊಸಬರಿಗೆ ನಿಧಾನವಾಗಿ ಕಲಿಯುವ ವರ್ಷಗಳನ್ನು ಕತ್ತರಿಸಿ, ಸೇರಿದ ತಿಂಗಳೇ ಗುರಿ ಕೊಡುತ್ತಾರೆ. ಅವರು ಎರಡು ವರ್ಷದಲ್ಲಿ ಬಿಟ್ಟುಹೋದರೆ ಈಗಿನ ಹುಡುಗರಿಗೆ ನಿಷ್ಠೆ ಇಲ್ಲ ಎನ್ನುತ್ತಾರೆ.

ಕೊನೆಗೆ ನಿಮ್ಮಲ್ಲೇ ಒಂದು ಮಾತು. ಇದನ್ನು ಕೇಳುತ್ತಿರುವ ಎಷ್ಟೋ ಮನೆಗಳಲ್ಲಿ ಮಂದಾರ್ತಿಯದೋ ಮಾರಣಕಟ್ಟೆಯದೋ ಹರಕೆ ಆಟ ಇದೆ. ಹರಕೆ ಹೇಳಿ ವರ್ಷಗಟ್ಟಲೆ ಕಾದು ಆಟ ಆಡಿಸುತ್ತೀರಿ. ಆ ಒಂದು ರಾತ್ರಿ ಮೂವತ್ತು ನಲವತ್ತು ಜನ ನಿಮ್ಮ ಗದ್ದೆಯಲ್ಲಿ ದುಡಿಯುತ್ತಾರೆ, ಅವರ ಕೆಲಸದ ಜಾಗದ ಯಜಮಾನರು ಆವತ್ತು ನೀವೇ. ನಮ್ಮವರು ಊಟಕ್ಕೆ ಕೊರತೆ ಮಾಡುವವರಲ್ಲ, ಹೋಳಿಗೆ ಪಾಯಸ ಬಡಿಸುತ್ತೀರಿ. ಆದರೆ ಚೌಕಿ ಹಾಕುವುದು ಕೊಯ್ದ ಗದ್ದೆಯ ಕೂಳೆಯ ಮೇಲೆ, ತಗಡಿನ ಮರೆಯಲ್ಲಿ. ಕಸೆ ಸೀರೆ ಉಟ್ಟು, ಎದೆಕಟ್ಟು ಬಿಗಿದು, ಗೆಜ್ಜೆ ಕಟ್ಟಿದವರು ಕತ್ತಲಲ್ಲಿ ಬಯಲಿಗೆ ಹೋಗಬೇಕು. ವೃತ್ತಿಮೇಳದ ಬಾಗಿಲು ಹೆಣ್ಣುಮಕ್ಕಳಿಗೆ ಬಹುಮಟ್ಟಿಗೆ ಮುಚ್ಚಿಯೇ ಇದೆ. ಕೇಳಿದರೆ ಸಿಗುವ ಉತ್ತರ, ಅವರು ಮಲಗುವುದೆಲ್ಲಿ, ಮೈ ತೊಳೆಯುವುದೆಲ್ಲಿ ಎಂದು. ಗಂಡಸರಿಗೂ ಇಲ್ಲದ ಸೌಕರ್ಯ ಹೆಂಗಸರನ್ನು ಹೊರಗಿಡುವ ಕಾರಣವಾಗಿ ಕೂತಿದೆ.

ಆದ್ದರಿಂದ ಈ ಸಲ ನಿಮ್ಮ ಮನೆಯ ಆಟ ಎಂದಾದರೆ ನಾಲ್ಕು ದಿನ ಮುಂಚೆ ಮೇಳದ ಮ್ಯಾನೇಜರ ಹತ್ತಿರ ಕೇಳಿ: ಹ್ವಾಯ್, ಚೌಕಿಗೆ ಎಂತೆಲ್ಲ ಬೇಕು ಅಂತ. ಶಾಮಿಯಾನದವರ ಬಳಿಯೇ ತಾತ್ಕಾಲಿಕ ಶೌಚಾಲಯ ಬಾಡಿಗೆಗೆ ಸಿಗುತ್ತದೆಯೇ ವಿಚಾರಿಸಿ, ಇಲ್ಲವಾದರೆ ಮನೆಯದ್ದರ ಬಾಗಿಲು ತೆರೆದಿಟ್ಟು ದಾರಿಗೊಂದು ದೀಪ ಹಾಕಿ. ಕೂಳೆ ಕೆತ್ತಿಸಿ ನೆಲಕ್ಕೆ ದಪ್ಪ ಚಾಪೆ ಹಾಸಿ. ಕುಡಿಯಲು ಬಿಸಿನೀರು ಇಡೀ ಆಟದ ಹೊತ್ತು ಇರಲಿ. ಬಣ್ಣ ತೆಗೆಯಲು ಅವರ ಬಳಿ ತೆಂಗಿನೆಣ್ಣೆ ಇರುತ್ತದೆ, ಆಮೇಲೆ ಮುಖ ತೊಳೆಯಲು ಒಂದು ಹಂಡೆ ಬಿಸಿನೀರು ಕಾಯಿಸಿಡಿ. ಆಟ ಮುಗಿದ ಮೇಲೆ ಬೈಕಿನಲ್ಲಿ ಹೊರಟವರನ್ನು ತಡೆದು, ಬೆಳಕು ಹರಿಯುವವರೆಗೆ ಜಗಲಿಯಲ್ಲಿ ಮಲಗಿ ಹೋಗಿ ಎನ್ನಿ. ಆ ಜಗಲಿಗೆ ಹಾಸಿಗೆಯನ್ನು ಸಂಜೆಯೇ ಹಾಸಿಟ್ಟರೆ ಅವರು ಒಪ್ಪುತ್ತಾರೆ.